ತಾನಾಗಿ ತಿರುಗಿದ ಲೇಥಿನ ಬೆನ್ನುಹತ್ತಿ ನಕುರುವಿಗೆ

ಹತ್ತರಗಿ

ಕೀನ್ಯಾ ದೇಶದಿಂದ ಬಂದ ದೂರವಾಣಿ ಕರೆಯಲ್ಲಿ ದೆವ್ವದ ಮಾತಿತ್ತು.

"ನೀವು ಕಳಿಸಿದ ಪೆಟ್ಟಿಗೆ ಕೂಡಿಸಿದಾಗಿನಿಂದ ನಮ್ಮ ಲೇಥ್ ತನ್ನಷ್ಟಕ್ಕೆ ತಾನೇ ತಿರುಗುತ್ತದೆ. ಅದರೊಳಗೆ ಏನೋ ಸೇರಿಕೊಂಡಿದೆ ಎನ್ನುತ್ತಿದ್ದಾರೆ ನನ್ನ ಕೆಲಸಗಾರರು. ಯಾರನ್ನಾದರೂ ಕಳಿಸಿ" ಎಂದು ನಕುರು ಎಂಬ ಊರಿನ ರಮಣೀಕಭಾಯಿ ಗುಜರಾತಿ ಬೆರೆತ ಹಿಂದಿಯಲ್ಲಿ ಹೇಳಿದರು. ನಮ್ಮ ಮಾಲೀಕರಾದ ಅಣ್ಣಾಸಾಹೇಬ ಕಾಕಾ ರಿಸೀವರಿಗೆ ಅಂಗೈ ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ಲೇಥಿನಲ್ಲಿ ಸೇರಿಕೊಂಡದ್ದು ಏನೆಂದು ನನಗೆ ಗೊತ್ತಿತ್ತು. ಕಾಕಾನಿಗೂ ಗೊತ್ತಿತ್ತು.

ಹತ್ತರಗಿಯ ಹೆದ್ದಾರಿಯ ಬದಿಗಿರುವ ನಮ್ಮ ಕಾರ್ಖಾನೆಯಲ್ಲಿ ನಾವು ಲೇಥುಗಳಿಗೆ, ಅಂದರೆ ಕಬ್ಬಿಣ ಕಡೆಯುವ ಯಂತ್ರಗಳಿಗೆ, ಡ್ರೈವ್ ಪ್ಯಾನೆಲ್ ಎಂಬ ವಿದ್ಯುತ್ ಪೆಟ್ಟಿಗೆ ಕಟ್ಟುತ್ತೇವೆ. ಹಳೆಯ ಲೇಥಿನ ವೇಗ ಬದಲಿಸಬೇಕೆಂದರೆ ಯಂತ್ರ ನಿಲ್ಲಿಸಿ, ಬೆಲ್ಟನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಎಳೆದು ಹಾಕಬೇಕು. ಡ್ರೈವ್ ಎಂಬ ಉಪಕರಣ ಮೋಟಾರಿಗೆ ಹೋಗುವ ವಿದ್ಯುತ್ತಿನ ಆವರ್ತನವನ್ನೇ ಹೆಚ್ಚುಕಡಿಮೆ ಮಾಡುತ್ತದೆ. ಒಂದು ಗುಂಡಿ ತಿರುವಿದರೆ ಸಾಕು, ಚಕ್ ನಿಮಗೆ ಬೇಕಾದ ವೇಗಕ್ಕೆ ಬರುತ್ತದೆ. ಚಕ್ ಎಂದರೆ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಲೇಥಿನ ದವಡೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕಬ್ಬಿನ ಗಾಣದ ದಂಡ ಕಡೆಯುವ ಅಂಗಡಿಗಳಲ್ಲೆಲ್ಲ ನಮ್ಮ ಪೆಟ್ಟಿಗೆಗಳಿವೆ.

ಅವುಗಳಿಗೆ ಒಂದು ವಿಶೇಷ ಗುಣವಿದೆ. ನಮ್ಮಲ್ಲಿ ಕರೆಂಟ್ ಹೋಗುವುದು ದಿನದ ಮಾತು. ಪ್ರತಿ ಸಲವೂ ಯಂತ್ರವನ್ನು ಮತ್ತೆ ಚಾಲೂ ಮಾಡುವ ಬೇಸರ ಬೇಡವೆಂದು ಅಣ್ಣಾಸಾಹೇಬ ಕಾಕಾ ಒತ್ತುಗುಂಡಿ ತೆಗೆಸಿ, ತಿರುವುವ ಸ್ವಿಚ್ಚು ಹಾಕಿಸಿದರು. ಅದನ್ನು ಒಮ್ಮೆ ಚಾಲೂ ಕಡೆಗೆ ತಿರುವಿದರೆ ಅದು ಅಲ್ಲಿಯೇ ಉಳಿಯುತ್ತದೆ. ಡ್ರೈವಿನ ಒಳಗಿನ ಹೊಂದಾಣಿಕೆಯೂ ಅದಕ್ಕೆ ತಕ್ಕಂತಿದೆ: ಕರೆಂಟ್ ಬಂದೊಡನೆ, ಸ್ವಿಚ್ಚು ಚಾಲೂ ಕಡೆಗಿದ್ದರೆ, ಯಾರನ್ನೂ ಕೇಳದೆ ತಿರುಗಲು ತೊಡಗು. ಗಿರಾಕಿಗಳ ಮುಂದೆ ಕಾಕಾ ಇದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು. "ನೀವು ಚಹಾ ಕುಡಕೋತ ಕುಂಡ್ರಿ. ಕರೆಂಟ್ ಬಂದ್ರ ಮಷಿನ್ ತಾನs ಕೆಲಸಕ್ಕ ಹತ್ತತೈತಿ."

ನಮ್ಮ ಕಡೆಯ ಅಂಗಡಿಗಳ ರೂಢಿಯೂ ಅದಕ್ಕೆ ಒಗ್ಗಿಕೊಂಡಿತು. ಕರೆಂಟ್ ಹೋದ ಕ್ಷಣ ಎಲ್ಲರೂ ಲೇಥುಗಳಿಂದ ಸರಿದು ಹೊರಗಿನ ಕಟ್ಟೆಗೆ ಬಂದು ಕೂರುತ್ತಾರೆ. ಮರಳಿ ಬಂದಾಗ ಖಾಲಿ ಅಂಗಡಿಯೊಳಗೆ ಚಕ್ಕುಗಳು ಒಂದೊಂದಾಗಿ ತಾವೇ ತಿರುಗಲು ತೊಡಗುತ್ತವೆ. ಹೊರಗೆ ಜನ ಉಳಿದ ಚಹಾ ಮುಗಿಸುತ್ತಾರೆ. ಈ ದೃಶ್ಯವನ್ನು ಮೊದಲ ಬಾರಿ ಕಂಡ ದಿನ ನನ್ನ ಕೈಯೊಳಗಿನ ಚಹಾ ಹಾಗೆಯೇ ಆರಿಹೋಗಿತ್ತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತದ್ದೆಲ್ಲವೂ ಅದನ್ನು ವಿರೋಧಿಸುತ್ತಿತ್ತು. ನಕುರುವಿಗೆ ಪೆಟ್ಟಿಗೆ ಕಟ್ಟುವಾಗ, ಇದು ಬೇಡವೆಂದು ಎಲ್ಲರೆದುರು ಹೇಳಿದ್ದೆ. "ಪುಸ್ತಕದಾಗಿನ ಅಂಜಿಕಿ ಪುಸ್ತಕದಾಗ ಇರ್ಲಿ, ವಿದ್ಯಾ" ಎಂದಿದ್ದರು ಕಾಕಾ.

ಈಗ ಅವರು ಹೇಳಿದ್ದು ಇಷ್ಟು: "ನೀನು ಹೋಗಿ ಬಾ. ಜೋಡಿಗೆ ಮಲ್ಲಪ್ಪನ್ನ ಕರಕೊಂಡು ಹೋಗು. ವೋಲ್ಟೇಜ್ ಏರುಪೇರು ಆಗಿತ್ತಂತ ಹೇಳು. ಒಂದ್ ವೈರ್ ಬಿಚ್ಚು, ಹೊಳ್ಳಿ ಅದನ್ನs ಹಾಕು. ಮುಗೀತು."

"ಅಷ್ಟರಾಗ ಯಾರದರೆ ಕೈ ಸಿಕ್ರ, ಕಾಕಾ?"

"ಕರೆಂಟ್ ಹೋದಾಗ ಮಷಿನ್ ಮುಂದ ಯಾರ್ ನಿಂದರ್ತಾರ?"

ಸಂಜೆ ಗೋಕಾಕದ ಟೆಲಿಫೋನ್ ಬೂತಿನಿಂದ ನಾನೇ ನಕುರುವಿಗೆ ಕರೆ ಮಾಡಿದೆ. ಗರಗರ ಸದ್ದಿನ ನಡುವೆ ಕೂಗಿ ಹೇಳಿದೆ: ನಾವು ಬರುವವರೆಗೆ ಆ ಲೇಥನ್ನು ನಿಲ್ಲಿಸಿಬಿಡಿ. ಆಗದಿದ್ದರೆ, ಕರೆಂಟ್ ಹೋದೊಡನೆ ಸ್ವಿಚ್ಚನ್ನು ಬಂದ್ ಕಡೆಗೆ ತಿರುವಲು ಎಲ್ಲರಿಗೂ ಹೇಳಿ. "ಹಾಂ ಹಾಂ" ಎಂದರು ರಮಣೀಕಭಾಯಿ. ಲೈನ್ ಕಡಿದುಹೋಯಿತು. ಆ "ಹಾಂ ಹಾಂ" ಎಂಬುದರ ಅರ್ಥವೇನಿರಬಹುದೆಂಬ ಭಯವನ್ನು ಹೊತ್ತುಕೊಂಡೇ ನಾನು ಮೊದಲ ಬಾರಿಗೆ ದೇಶ ಬಿಟ್ಟೆ.

ಆಕಾಶದಲ್ಲಿ

ಮಲ್ಲಪ್ಪಣ್ಣ ನಮ್ಮ ಕಾರ್ಖಾನೆಯ ಹಿರಿಯ ಟರ್ನರ್, ಅಂದರೆ ಲೇಥ್ ನಡೆಸುವವರು. ಹತ್ತರಗಿಯಿಂದ ಮುಂಬಯಿಯವರೆಗೂ ಬಸ್ಸಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಿದ ಮನುಷ್ಯ, ವಿಮಾನದ ಬಾಗಿಲು ಮುಚ್ಚಿದೊಡನೆ ಕುರ್ಚಿಯ ಎರಡೂ ಕೈಗಳನ್ನು ಹಿಡಿದವರು ಬಿಡಲೇ ಇಲ್ಲ. ಊಟದ ತಟ್ಟೆ ಬಂದರೂ ಬಿಡಲಿಲ್ಲ.

"ಅಕ್ಕಾರ, ಒಂದ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಕೇಳ್ರಿ ಮಲ್ಲಪ್ಪಣ್ಣ."

"ಈ ಇಂಜಿನ್ನಿಗೂ ನಮ್ಮ ಕಾಕಾರ ಪ್ಯಾನೆಲ್ ಕುಂಡ್ರಿಸ್ಯಾರೇನ್ರಿ?"

ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ನಕ್ಕೆ. ನಗು ನಿಂತ ಮೇಲೆ ಕಿಟಕಿಯತ್ತ ತಿರುಗಿದೆ. ಕಿಟಕಿಯ ಕೆಳಗೆ ಕಡಲು ಹೊಳೆಯುತ್ತಿತ್ತು. ನನಗೆ ಅದು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನಾನು ಎಂದೂ ನೋಡದ ಒಂದು ಅಂಗಡಿ, ಅಲ್ಲಿ ನಿಂತುಹೋದ ಒಂದು ಚಕ್, ಅದರ ಮೇಲೆ ಬಾಗಿದ ಯಾರದೋ ತಲೆ. ಹಳೆಯ ಮೋಟಾರಾದರೂ ಹೊರಡುವಾಗ ಗುಡುಗುತ್ತದೆ, ಎಚ್ಚರಿಸುತ್ತದೆ. ಡ್ರೈವು ಹಾಗಲ್ಲ. ಅದು ಮೆಲ್ಲಗೆ, ಸದ್ದಿಲ್ಲದೆ ವೇಗವೇರುತ್ತದೆ. ಅದರ ಈ ಗುಣವನ್ನು ನಾವೇ ಜಾಹೀರಾತಿನಲ್ಲಿ ಹೊಗಳಿದ್ದೆವು.

ನೈರೋಬಿ

ಸುಂಕದ ಮೇಜಿನ ಮೇಲೆ ನನ್ನ ಚೀಲ ತೆರೆದುಕೊಂಡಾಗ ಅದರೊಳಗಿಂದ ಈ ವಸ್ತುಗಳು ಹೊರಬಂದವು: ಸುರುಳಿ ಸುತ್ತಿದ ತಂತಿ, ಕರೆಂಟಿನಿಂದಲೇ ಹಿಡಿದು ಬಿಡುವ ರಿಲೇ ಎಂಬ ಸಣ್ಣ ಸ್ವಿಚ್ಚು, ಹಸಿರು ಒತ್ತುಗುಂಡಿ, ಅಣಬೆಯ ತಲೆಯಂಥ ದೊಡ್ಡ ಕೆಂಪು ಗುಂಡಿ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಪುಡಿ. ಕಾಕಾನಿಗೆ ಹೇಳದೆ, ಪ್ಯಾನೆಲ್ಲನ್ನು ಬದಲಿಸುವ ಸಂಕಲ್ಪದಿಂದ ಬೆಳಗಾವಿಯಲ್ಲಿ ಕೊಂಡ ಸಾಮಾನುಗಳವು. ಚಟ್ನಿಯ ಪೊಟ್ಟಣ ಒಡೆದು, ಕೆಂಪು ಪುಡಿ ತಂತಿ ಮತ್ತು ಗುಂಡಿಯ ಮೇಲೆಲ್ಲ ಹರಡಿತ್ತು. ಯಾವ ದೇಶದ ಅಧಿಕಾರಿಯೂ ಆ ನೋಟಕ್ಕೆ ಬೆಚ್ಚಬೇಕಾದದ್ದೇ.

ಎತ್ತರದ ಅಧಿಕಾರಿಣಿಯೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದು, ಕೆಂಪು ಗುಂಡಿಯತ್ತ ಬೆರಳು ಮಾಡಿ ಕೇಳಿದಳು: "ಇದನ್ನು ಒತ್ತಿದರೆ ಏನಾಗುತ್ತದೆ?"

"ನಿಲ್ಲುತ್ತದೆ."

"ಏನು ನಿಲ್ಲುತ್ತದೆ?"

ನನ್ನ ಇಂಗ್ಲಿಷು ಆ ಗಳಿಗೆಯಲ್ಲಿ ನನ್ನನ್ನು ಕೈಬಿಟ್ಟಿತು. ಇನ್ನಿಬ್ಬರು ಸಿಬ್ಬಂದಿ ಬಂದರು. ಮಲ್ಲಪ್ಪಣ್ಣ ಅಂಗೈಯ ಮೇಲೆ ಚಟ್ನಿ ಸುರಿದುಕೊಂಡು, ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ಅಗಿದು ತೋರಿಸಿದರು. "ನೋಡ್ರಿ ಬಾಯಾರ, ಸತ್ತಿಲ್ಲ ನಾ" ಎಂದರು ಅಪ್ಪಟ ಕನ್ನಡದಲ್ಲಿ. ಆಕೆಗೆ ಹೇಗೋ ಅರ್ಥವಾಯಿತು. ನಕ್ಕು, "ಪೋಲೆ" ಎಂದು ಚೀಲ ಮುಚ್ಚಿಕೊಟ್ಟಳು.

ಆ ಮಾತನ್ನು ಆ ದೇಶದಲ್ಲಿ ನಾನು ಹೆಜ್ಜೆ ಹೆಜ್ಜೆಗೂ ಕೇಳಿದೆ. ನೀವು ಎಡವಿದರೆ, ಸೀನಿದರೆ, ನಿಮ್ಮ ಬಸ್ಸು ತಪ್ಪಿದರೆ, ಹತ್ತಿರದ ಅಪರಿಚಿತರು "ಪೋಲೆ" ಎನ್ನುತ್ತಾರೆ. ನಿಮ್ಮ ಕಷ್ಟಕ್ಕೆ ನನಗೂ ನೋವಿದೆ ಎಂದು ಅದರ ತಾತ್ಪರ್ಯ. ಎಷ್ಟು ಒಳ್ಳೆಯ ರೂಢಿ! ನಮ್ಮ ಬಸ್ ನಿಲ್ದಾಣದಲ್ಲಿ ಎಡವಿದವನಿಗೆ ಸಿಗುವುದು "ಕಣ್ಣ ಕಾಣಂಗಿಲ್ಲೇನ?" ಎಂಬ ಪ್ರಶ್ನೆ. ಆದರೆ ನನ್ನೊಳಗಿನ ಜಗಳಗಂಟಿ ಸುಮ್ಮನಿರಲಿಲ್ಲ. ಎಲ್ಲರೂ ಕನಿಕರಪಡುವ ಜಾಗದಲ್ಲಿ ಹೊಣೆ ಹೊರುವವರು ಯಾರು ಎಂದು ಅದು ಕೇಳುತ್ತಲೇ ಇತ್ತು.

ನಕುರುವಿನ ದಾರಿ

ರಮಣೀಕಭಾಯಿ ಕಳಿಸಿದ ಕಾರು ಒಂದು ಮಹಾ ಕಣಿವೆಯ ಅಂಚಿನಲ್ಲಿ ಇಳಿಯತೊಡಗಿತು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಬರಿಯ ಗಾಳಿ. ಸಂಗೀತ ಅಬ್ಬರಿಸುವ ಬಣ್ಣದ ವ್ಯಾನುಗಳು ತಿರುವುಗಳಲ್ಲೇ ನಮ್ಮನ್ನು ಹಿಂದೆ ಹಾಕುತ್ತಿದ್ದವು. ಸಂಕೇಶ್ವರದ ಟೆಂಪೋಗಳಲ್ಲಿ ಬೆಳೆದ ನನಗೂ ಕಣ್ಣು ಮುಚ್ಚಬೇಕೆನಿಸಿತು. ಮಲ್ಲಪ್ಪಣ್ಣ ಆಗಲೇ ಮುಚ್ಚಿದ್ದರು.

ಚಾಲಕ ಮಾತುಗಾರ. ಈ ವರ್ಷ ಮಳೆ ಕೈಕೊಟ್ಟು ಅಣೆಕಟ್ಟುಗಳು ಬರಿದಾಗಿವೆ, ಹಾಗಾಗಿ ಊರೂರಿಗೆ ಸರದಿಯ ಮೇಲೆ ವಿದ್ಯುತ್ ಕಡಿತ ಶುರುವಾಗಿದೆ ಎಂದ. "ಮೊದಲು ಹೀಗಿರಲಿಲ್ಲ, ಮೇಡಂ. ಇದು ನಮಗೆ ಹೊಸದು."

ನಮ್ಮ ಕಡೆಯ ಹಿಡಕಲ್ ಜಲಾಶಯದ ತಳ ಕಂಡ ಬೇಸಿಗೆಗಳನ್ನು ನಾನು ನೋಡಿದ್ದೇನೆ. ನೀರಿಲ್ಲದ ಅಣೆಕಟ್ಟಿನ ಮಾತು ನನಗೆ ಹೊಸದಲ್ಲ. ಆದರೆ ಅವನ ಕೊನೆಯ ವಾಕ್ಯ ಎದೆಗೆ ಬಂದು ನಾಟಿತು. ಇದು ನಮಗೆ ಹೊಸದು. ಎಂದರೆ, ಕರೆಂಟ್ ಹೋದಾಗ ಸರಿದು ನಿಲ್ಲುವ ರೂಢಿ ಇಲ್ಲಿ ಹುಟ್ಟಿಯೇ ಇಲ್ಲ. ಪೆಟ್ಟಿಗೆಯನ್ನು ಹಡಗಿಗೆ ಹಾಕಿದ ನಾವು, ಅದರ ಜೊತೆ ನಮ್ಮ ಹೊರಗಿನ ಕಟ್ಟೆಯನ್ನೂ ಚಹಾವನ್ನೂ ಕಳಿಸಿರಲಿಲ್ಲ.

ದೂರದಲ್ಲಿ ಒಂದು ಸರೋವರ ಕಾಣಿಸಿತು. ಅದರ ದಂಡೆಗುಂಟ ತೆಳುವಾದ ಗುಲಾಬಿ ಗೆರೆ. ಅವೆಲ್ಲ ರಾಜಹಂಸಗಳು, ಅವನ್ನು ನೋಡಲೆಂದೇ ಜಗತ್ತು ಇಲ್ಲಿಗೆ ಬರುತ್ತದೆ ಎಂದ ಚಾಲಕ. ಅದರ ಬಗ್ಗೆ ಕೇಳುವ ಓದುಗರು ಕ್ಷಮಿಸಬೇಕು. ನಾನು ಕಂಡದ್ದು ಆ ಗೆರೆಯನ್ನಷ್ಟೆ. ಸ್ವಲ್ಪ ಬೇಗ ಓಡಿಸಿ ಎಂದೆ.

ನಕುರು, ಅಂಗಡಿಯ ಬಾಗಿಲಲ್ಲಿ

ಆ ನಾಡಿನಲ್ಲಿ ಒಳಗೆ ಬಂದವರು ಅಲ್ಲಿದ್ದ ಪ್ರತಿಯೊಬ್ಬರ ಕೈ ಕುಲುಕಬೇಕು. ದೂರದಿಂದ ಕೈ ಮುಗಿದು ಪಾರಾಗುವ ನಮ್ಮ ಅನುಕೂಲ ಅಲ್ಲಿಲ್ಲ. ಅಂದು ಆ ರೂಢಿ ನನಗೆ ಶಿಕ್ಷೆಯೂ ಆಯಿತು, ಸಮಾಧಾನವೂ ಆಯಿತು. ಒಂದೊಂದು ಕೈ ನನ್ನ ಕೈಗೆ ಬಂದಾಗಲೂ, ಬೆರಳುಗಳೆಲ್ಲ ಇವೆಯೇ ಎಂದು ಮುಟ್ಟಿ ನೋಡುತ್ತ ಹೋದೆ. ಇದ್ದವು. ಮುಂದಿನ ಕೈಯಲ್ಲೂ ಇದ್ದವು.

ಕೊನೆಯಲ್ಲಿ ನಿಂತವನು ಕಮಾವ್. ಅಲ್ಲಿ ಕುಶಲ ಕೆಲಸಗಾರನನ್ನು ಫುಂಡಿ ಎಂದು ಗೌರವದಿಂದ ಕರೆಯುತ್ತಾರೆ. ನಮ್ಮ ಪ್ಯಾನೆಲ್ ಇದ್ದ ಲೇಥಿನ ಫುಂಡಿ ಅವನು. ಎಲ್ಲರಂತೆ ಅಂಗೈ ಚಾಚದೆ, ಮುಷ್ಟಿಯನ್ನು ಒಳಕ್ಕೆ ಮಡಿಚಿ ಬರಿಯ ಮಣಿಕಟ್ಟನ್ನು ಮುಂದೆ ಹಿಡಿದ.

"ನಿಮ್ಮ ಕೈಗೆ ಏನಾಯಿತು?"

ಅವನು ಬೆರಗಾಗಿ ಮುಷ್ಟಿ ಬಿಚ್ಚಿದ. ಐದು ಬೆರಳು, ಐದಕ್ಕೂ ಕಪ್ಪು ಎಣ್ಣೆ. ಕೈ ಕೊಳೆಯಾಗಿದ್ದರೆ ಅತಿಥಿಗೆ ಮಣಿಕಟ್ಟು ಕೊಡುವುದು ಅಲ್ಲಿನ ಮರ್ಯಾದೆಯಂತೆ. ನಾನು ಆ ಎಣ್ಣೆಗೈಯನ್ನೇ ಎರಡೂ ಕೈಗಳಿಂದ ಹಿಡಿದುಕೊಂಡೆ. ಹಿಂದಿನಿಂದ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ನಂತರ ತಿಳಿಯಿತು, "ಭಾರತದ ಮೇಡಂಗೆ ಕಮಾವ್ ಹಿಡಿಸಿದ್ದಾನೆ, ಹೆಂಡತಿಗೆ ಹೇಳಬೇಡಿ" ಎಂದಿದ್ದರಂತೆ.

ಲೇಥ್ ನಡೆಯುತ್ತಲೇ ಇತ್ತು. ಚಹಾ ಕಾರ್ಖಾನೆಯೊಂದರ ದಪ್ಪ ದಂಡವೊಂದು ಅದರ ದವಡೆಯಲ್ಲಿ ತಿರುಗುತ್ತಿತ್ತು. ನಾನು ರಮಣೀಕಭಾಯಿಯನ್ನು ಬದಿಗೆ ಕರೆದು ಕೇಳಿದೆ: ಸ್ವಿಚ್ಚಿನ ವಿಷಯ ಇವರಿಗೆ ಹೇಳಿದಿರಾ?

ಅವರು ಗೋಡೆಯತ್ತ ನೋಡಿದರು. "ಹೇಳಿದರೆ ಯಾರೂ ಮುಟ್ಟುವುದಿಲ್ಲ, ಬೇಟಿ. ಆಗಲೇ ದೆವ್ವವೆನ್ನುತ್ತಿದ್ದಾರೆ. ಕೆಲಸ ಕೊಡಬೇಕಾದ ಗಡುವು ಹತ್ತಿರವಿದೆ. ಹೇಗೂ ನೀವು ಬರುತ್ತಿದ್ದಿರಲ್ಲ."

ಸಮುದ್ರ ದಾಟಿ ಬಂದರೂ ನಾನು ಅಣ್ಣಾಸಾಹೇಬ ಕಾಕಾನ ಎದುರಿಗೇ ನಿಂತಿದ್ದೆ. ಉತ್ತರ ಕೊಡಲು ನಾನು ಬಾಯಿ ತೆರೆದೆ. ಅದೇ ಗಳಿಗೆಯಲ್ಲಿ ದೀಪಗಳು ಆರಿದವು.

ಮುಂದಿನದನ್ನು ಅದು ನಡೆದ ಹಾಗೆಯೇ ಹೇಳುತ್ತೇನೆ. ಮೋಟಾರಿನ ಗುಂಯ್ ಸದ್ದು ಇಳಿದು ಅಡಗಿತು. ಮಲ್ಲಪ್ಪಣ್ಣ ಯೋಚಿಸದೆಯೇ ಹಿಂದಕ್ಕೆ ಹಾರಿದರು, ಹಾರುತ್ತಲೇ ನನ್ನ ತೋಳು ಹಿಡಿದು ಎಳೆದರು. ಕಮಾವ್ ಮುಂದಕ್ಕೆ ನಡೆದ. ಯಂತ್ರ ನಿಂತಾಗಲೇ ತಾನೆ ಅಳೆಯಬೇಕು, ಶುಚಿ ಮಾಡಬೇಕು! ಆ ನಾಡಿನ ಅಚ್ಚುಕಟ್ಟು ಕೆಲಸಗಾರನಾದ ಅವನು ಚಕ್ಕಿನ ದವಡೆಗಳ ನಡುವೆ ಎರಡೂ ಕೈ ತೂರಿಸಿ, ಸಿಕ್ಕಿಕೊಂಡಿದ್ದ ಕಬ್ಬಿಣದ ಸುರುಳಿಗಳನ್ನು ಬಿಡಿಸತೊಡಗಿದ. ಅವನ ತೋಳು ಚಕ್ಕಿಗೆ ತಾಗುತ್ತಿತ್ತು. ಸ್ವಿಚ್ಚು ಚಾಲೂ ಕಡೆಗೇ ಇತ್ತು.

"ಕೈ ತಗೀ!" ಎಂದು ಕಿರುಚಿದೆ, ಕನ್ನಡದಲ್ಲಿ. ಅವನು ತಲೆ ಎತ್ತಿ ನನ್ನತ್ತ ನೋಡಿ ಮುಗುಳ್ನಕ್ಕ. ಕೈ ಅಲ್ಲಿಯೇ ಇತ್ತು. ಮಲ್ಲಪ್ಪಣ್ಣನ ಹಿಡಿತ ಬಿಡಿಸಿಕೊಂಡು ಓಡಿದೆ. ಕಾಲಿಗೆ ಸಿಕ್ಕ ಬಕೆಟ್ಟು ಉರುಳಿತು. ಎರಡು ಮಾರು ಅಂತರ ಅಷ್ಟು ಉದ್ದವಿರಬಲ್ಲದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಪ್ಯಾನೆಲ್ಲಿನ ಸ್ವಿಚ್ಚು ಬೆರಳಿಗೆ ಸಿಕ್ಕಿತು, ತಿರುವಿದೆ. ಜಾರಿ, ಪೆಟ್ಟಿಗೆಗೆ ಹಣೆ ಬಡಿಯಿತು. ನಾನು ಎದ್ದು ನಿಲ್ಲುವ ಮೊದಲೇ ದೀಪಗಳು ಹೊತ್ತಿಕೊಂಡವು.

ಚಕ್ ಅಲುಗಲಿಲ್ಲ.

"ಪೋಲೆ, ಪೋಲೆ" ಎಂದರು ಎಲ್ಲರೂ, ನನ್ನ ಹಣೆ ನೋಡಿ.

ನಕುರು, ಅದೇ ದಿನ

ಏನೂ ಆಗದಿದ್ದುದೇ ಈಗ ನನಗೆ ತೊಡಕಾಯಿತು. ಅವರ ಕಣ್ಣಿಗೆ ನಾನು ಬಕೆಟ್ ಎಡವಿ ಬಿದ್ದ ಒಬ್ಬ ಹುಚ್ಚಿ. ಆದ್ದರಿಂದ ತೋರಿಸಿಯೇ ತೋರಿಸಬೇಕೆಂದು ನಿಶ್ಚಯಿಸಿದೆ. ದಂಡವನ್ನು ಬಿಚ್ಚಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಮುರಿದ ಪೆಟ್ಟಿಗೆಯೊಂದರ ಉದ್ದನೆಯ ಕಟ್ಟಿಗೆಯನ್ನು ಚಕ್ಕಿನ ದವಡೆಗಳ ನಡುವೆ ತೂರಿಸಿದೆ. ಗೋಡೆಯ ಮೇನ್ ಸ್ವಿಚ್ ಬಂದ್ ಮಾಡಿಸಿದೆ. ಪ್ಯಾನೆಲ್ಲನ್ನು ಚಾಲೂ ಕಡೆಗೆ ತಿರುವಿ ದೂರ ಸರಿದೆ. "ಇದು ನಿಮ್ಮ ಕೈ ಎಂದು ತಿಳಿಯಿರಿ" ಎಂದು ಕಮಾವ್‌ಗೆ ಹೇಳಿ, ಮೇನ್ ಹಾಕಲು ಸನ್ನೆ ಮಾಡಿದೆ.

ಮೊದಲು ಏನೂ ಆಗಲಿಲ್ಲ. ನಂತರ ಚಕ್, ಯಾರೂ ಮುಟ್ಟದೆ, ಯಾರೂ ಕೇಳದೆ, ನಿಧಾನವಾಗಿ ಹೊರಳಿತು. ಕಟ್ಟಿಗೆ ಅರ್ಧ ಸುತ್ತು ಹೋಗಿ ಲೇಥಿನ ಕಬ್ಬಿಣದ ತಳಕ್ಕೆ ತಗುಲಿತು. ಚಟ್ ಎಂಬ ಸದ್ದು. ಮುರಿದ ತುಂಡು ತಗಡಿನ ಮಾಡಿಗೆ ಬಡಿದು ನಮ್ಮ ನಡುವೆ ಬಂದು ಬಿತ್ತು. ಚಕ್ ಮಾತ್ರ ತಿರುಗುತ್ತಲೇ ಇತ್ತು.

ಯಾರೂ ಪೋಲೆ ಎನ್ನಲಿಲ್ಲ. ಕಮಾವ್ ತನ್ನ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಜೋಡಿಸಿ, ಮಲ್ಲಪ್ಪಣ್ಣನನ್ನು ಕೇಳಿದ: "ದೀಪ ಹೋದಾಗ ನೀವು ಹಿಂದೆ ಹಾರಿದಿರಿ. ಯಾಕೆ?"

ನಾನು ಕನ್ನಡಿಸಿದೆ. ಮಲ್ಲಪ್ಪಣ್ಣನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕರೆಂಟ್ ಹೋದಾಗ ಮಷಿನ್ ಹತ್ರ ಯಾವ ಖೋಡಿ ನಿಂದರ್ತಾನ್ರಿ? ನಮ್ಮ ಕಡೆ ಎಲ್ಲಾರಿಗೂ ಗೊತ್ತೈತಿ."

"ಹೇಗೆ ಗೊತ್ತಾಯಿತು? ಯಾರಿಗಾದರೂ ಏಟಾಗಿತ್ತೇ?" ಎಂದು ಕಮಾವ್ ಕೇಳಿದ.

ಮಲ್ಲಪ್ಪಣ್ಣ ನನ್ನ ಮುಖ ನೋಡಿದರು, ನೆಲ ನೋಡಿದರು. "ಹುಕ್ಕೇರ್ಯಾಗ ನಮ್ಮ ಅಳಿಯಾಂದು ಮುಂಗೈ ಮುರೀತ್ರಿ, ಅಕ್ಕಾರ. ನೀವು ಕೆಲಸಕ್ಕ ಬರೂಕಿಂತ ಮೊದಲs. ಕಾಕಾರು ಬಂದು ನೋಡಿ ಹೋದ್ರು. ಅವ ನಿದ್ದಿಗಣ್ಣಾಗ ಇದ್ದಾ ಅಂದ್ರು. ಎಲ್ಲಾರೂ ಹೌದಂದ್ರು. ಕಡೀಕ ಅವನೂ ಹೌದಂದಾ."

"ಇದ್ನ ನನಗ ಯಾಕ ಹೇಳಲಿಲ್ರಿ?"

"ನೀವು ಕೇಳಿರಲಿಲ್ಲಲ್ರಿ."

ನಾನದನ್ನು ಇಂಗ್ಲಿಷಿಗೆ ತಿರುಗಿಸಿ ಕಮಾವ್‌ಗೆ ಹೇಳಿದೆ. ಒಂದು ಮೂಳೆ ಮುರಿದ ಮೇಲೆ ಯಂತ್ರವನ್ನು ತಿದ್ದುವ ಬದಲು ನಾವು ಊರಿಗೆ ಊರನ್ನೇ ತಿದ್ದಿದ್ದೆವು. ಸರಿದು ನಿಲ್ಲಲು ಜನರಿಗೆ ಕಲಿಸಿದ್ದೆವು. ಆಮೇಲೆ ಆ ಪಾಠವನ್ನು ಯಾರಿಗೂ ಹೇಳದೆ, ಪೆಟ್ಟಿಗೆಯನ್ನಷ್ಟೇ ಕಡಲಾಚೆ ಮಾರಿದ್ದೆವು. ನಾನು ರಮಣೀಕಭಾಯಿಯ ಮೇಜಿನ ಮೇಲಿದ್ದ ದೂರವಾಣಿಯಿಂದ ಹತ್ತರಗಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಅದರ ಸ್ಪೀಕರಿನ ಗುಂಡಿ ಒತ್ತಿದೆ.

"ಕಾಕಾ, ಇಲ್ಲೆ ಈಗ ಒಬ್ರ ಕೈ ಹೋಗೂದಿತ್ತು."

"ಹೋಗಿಲ್ಲಲ್ಲ? ವೋಲ್ಟೇಜ್ ಅಂತ ಹೇಳಂದಿದ್ನೆಲ್ಲ. ಕರೆಂಟ್ ಹೋದಾಗ ಮಷಿನ್ದಾಗ ಕೈ ಹಾಕಿದ್ರ ಅದು ಅವರ ತಪ್ಪು. ನಮ್ಮಲ್ಲಿ ಯಾರೂ ನಿಂದರಂಗಿಲ್ಲ, ಗೊತ್ತಿಲ್ಲೇನ ನಿನಗ?"

ಅವರಾಡಿದ್ದನ್ನು ಒಂದಕ್ಷರವೂ ಬಿಡದೆ ಇಂಗ್ಲಿಷಿಗೆ ತಂದೆ. ಕಮಾವ್ ಫೋನಿನ ಹತ್ತಿರ ಬಾಗಿ, ಬಹಳ ಮರ್ಯಾದೆಯಿಂದ ಕೇಳಿದ: "ಸರ್, ನಿಮ್ಮವರು ನಿಲ್ಲುವುದಿಲ್ಲ. ಅವರಿಗೆ ತಿಳಿದಿದೆ. ನನಗೆ ಏಕೆ ತಿಳಿಸಲಿಲ್ಲ?"

"ಏನಂತಾನವ?" ಎಂದರು ಕಾಕಾ. ನಾನು ಹೇಳಿದೆ. ಫೋನಿನಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ನಿಂತಿತು. ಅವರು ರಿಸೀವರ್ ಇಟ್ಟಿದ್ದರು.

ನಕುರು, ಮರುದಿನ

ತಿರುವುವ ಸ್ವಿಚ್ಚನ್ನು ಕಿತ್ತು ಎಸೆದೆವು. ಅದರ ಜಾಗಕ್ಕೆ ಹಸಿರು ಒತ್ತುಗುಂಡಿ, ಕೆಂಪು ಅಣಬೆಗುಂಡಿ, ಒಳಗೆ ರಿಲೇ. ಹಸಿರನ್ನು ಒತ್ತಿದಾಗ ರಿಲೇ ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದರೆ ಅದರ ಹಿಡಿತ ಬಿಡುತ್ತದೆ, ಮರಳಿ ಬಂದರೂ ಮನುಷ್ಯನೊಬ್ಬ ಮತ್ತೆ ಒತ್ತುವವರೆಗೆ ಯಂತ್ರ ಏಳುವುದಿಲ್ಲ. ಡ್ರೈವಿನ ಒಳಗಿನ ಹೊಂದಾಣಿಕೆಯನ್ನೂ ಬದಲಿಸಿದೆ. ಮಲ್ಲಪ್ಪಣ್ಣ ಮತ್ತು ಕಮಾವ್ ಭಾಷೆಯಿಲ್ಲದೆ, ಒಬ್ಬರಿಗೊಬ್ಬರು ತಿರುಪು ಬಿಗಿಯುವ ಪಾನಾ ಕೊಡುತ್ತ ತೆಗೆದುಕೊಳ್ಳುತ್ತ ಕೆಲಸ ಮುಗಿಸಿದರು. ಮಧ್ಯಾಹ್ನ ನೋಡಲು ಜೋಳದ ಮುದ್ದೆಯಂತಿದ್ದರೂ ಗೋವಿನಜೋಳದ ಹಿಟ್ಟಿನಿಂದ ಮಾಡಿದ ಮುದ್ದೆ ಬಂತು. ಮಲ್ಲಪ್ಪಣ್ಣ ಅದಕ್ಕೆ ಉಳಿದ ಚಟ್ನಿ ಹಚ್ಚಿ ಎಲ್ಲರಿಗೂ ಹಂಚಿದರು. ಅಂಗಡಿಯ ಅರ್ಧ ಜನ ನೀರಿನ ನಲ್ಲಿಗೆ ಓಡಿದರು.

ಕೆಲಸ ಮುಗಿಯಿತೆಂದು ನಾನು ಪೆಟ್ಟಿಗೆಯ ಬಾಗಿಲು ಮುಚ್ಚಿದಾಗ ಕಮಾವ್ ಅಲುಗಲಿಲ್ಲ.

"ಈಗ ಸುರಕ್ಷಿತವೇ?"

"ಸುರಕ್ಷಿತ."

"ಹಾಗಾದರೆ ನೀವು ಕೈ ಇಡಿ, ಮೇಡಂ. ನಾನು ಮೇನ್ ಹಾಕುತ್ತೇನೆ."

ಅವನ ಧ್ವನಿಯಲ್ಲಿ ಸೇಡಿರಲಿಲ್ಲ. ಕಟ್ಟಿದವರು ಮೊದಲು ಕೈ ಇಡಬೇಕು, ಅಷ್ಟೆ. ನ್ಯಾಯವಾದ ಮಾತು. ನಾನೇ ಊರೆಲ್ಲ ಕೇಳುತ್ತಿದ್ದ ಹೊಣೆಗಾರಿಕೆ ಎಂದರೆ ಇದೇ ತಾನೆ? ಆದರೆ ನನ್ನ ಕೈ ಮೇಲೇಳಲಿಲ್ಲ. ಪ್ರತಿ ತಂತಿಯನ್ನೂ ನಾನೇ ಬಿಗಿದಿದ್ದೆ, ಪ್ರತಿ ಬಿಗಿತವನ್ನೂ ಎಳೆದು ನೋಡಿದ್ದೆ. ಆದರೂ ಒಂದು ಸಡಿಲ ತಿರುಪು, ಅಂಟಿಕೊಂಡ ಒಂದು ರಿಲೇ, ಡ್ರೈವಿನಲ್ಲಿ ನಾನು ತಪ್ಪಾಗಿ ಒತ್ತಿದ ಒಂದು ಅಂಕಿ, ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು. ಹಣೆಯ ಬೆವರು ಒರೆಸಿಕೊಂಡೆ. ಮಲ್ಲಪ್ಪಣ್ಣ ಮೆಲ್ಲಗೆ, "ಅಕ್ಕಾರ, ಬ್ಯಾಡ್ರಿ. ನಾ ಇಡ್ತೇನಿ" ಎಂದರು. ಬೇಡವೆಂದೆ.

ಬಲ ಅಂಗೈಯನ್ನು ಚಕ್ಕಿನ ದವಡೆಯ ಮೇಲೆ ಇಟ್ಟೆ. ಕಬ್ಬಿಣ ತಣ್ಣಗಿತ್ತು. ಕಮಾವ್ ಮೇನ್ ಹಾಕಿದ ಸದ್ದು ಕೇಳಿಸಿತು. ದೀಪ ಬಂತು. ಫ್ಯಾನ್ ತಿರುಗಿತು. ಡ್ರೈವಿನ ಪುಟ್ಟ ಪರದೆಯಲ್ಲಿ ಅಂಕಿಗಳು ಮೂಡಿದವು. ನನ್ನ ಅಂಗೈಯ ಕೆಳಗೆ ಏನೋ ಮಿಡಿಯುತ್ತಿತ್ತು. ಅದು ಯಂತ್ರದ್ದಲ್ಲ, ನನ್ನದೇ ನಾಡಿ ಎಂದು ತಿಳಿಯಲು ಬಹಳ ಹೊತ್ತು ಬೇಕಾಯಿತು.

ಕಮಾವ್ ಬಂದು ತನ್ನ ಕೈಯನ್ನು ನನ್ನ ಕೈಯ ಪಕ್ಕ ಇಟ್ಟ. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆವು. ಆಮೇಲೆ ಅವನು, "ಈಗ ಪಕ್ಕಕ್ಕೆ ಸರಿಯಿರಿ, ನನಗೆ ಕೆಲಸವಿದೆ" ಎಂದು ಹಸಿರು ಗುಂಡಿ ಒತ್ತಿದ.

ಮತ್ತೆ ಹತ್ತರಗಿ

ನಾವು ಮರಳಿದ ದಿನವೂ ಕರೆಂಟ್ ಹೋಗಿತ್ತು. ಎಲ್ಲರೂ ಹೊರಗಿನ ಕಟ್ಟೆಯ ಮೇಲಿದ್ದರು. ಅಣ್ಣಾಸಾಹೇಬ ಕಾಕಾ ನನ್ನನ್ನು ಕಂಡೊಡನೆ ಎದ್ದು ಬಂದರು.

"ಪರದೇಶದಾಗ ಫೋನ್ ಮ್ಯಾಲ ನಮ್ಮ ಮಾನಾ ಕಳದಿ. ಆತು, ಬಿಡು. ಅಲ್ಲಿದು ಅಲ್ಲಿಗೆ ಮುಗೀತು."

"ಮುಗದಿಲ್ರಿ ಕಾಕಾ. ಒಳಗ ಬರ್ರಿ."

ಖಾಲಿ ಕಾರ್ಖಾನೆಯೊಳಗೆ ನಮ್ಮದೇ ಲೇಥ್ ನಿಂತಿತ್ತು. ಸ್ವಿಚ್ಚು ಚಾಲೂ ಕಡೆಗಿತ್ತು. ನಾನು ಚಕ್ಕನ್ನು ತೋರಿಸಿದೆ.

"ಕಟ್ಟಿದವರು ಮೊದಲ ಕೈ ಇಡಬೇಕಂತ ಅಲ್ಲಿಯವ್ರು ಕೇಳಿದ್ರು. ನಾ ಇಟ್ಟು ಬಂದೇನಿ. ಈ ಪ್ಯಾನೆಲ್ ನಿಮ್ಮದು. ನೀವು ಇಡ್ತೀರೇನ್ರಿ?"

ಅವರು ನಕ್ಕರು. ಚಕ್ಕಿನ ಕಡೆ ನೋಡಿದರು. ಬಾಗಿಲಲ್ಲಿ ಕಟ್ಟೆಯ ಜನ ಬಂದು ನಿಂತಿದ್ದರು. ಕಾಕಾನ ಬಲಗೈ ಸೊಂಟದವರೆಗೆ ಎದ್ದು ಅಲ್ಲಿಯೇ ನಿಂತಿತು.

"ಮೇನ್ ತಗದೀಯೇನ?"

"ಯಾಕ್ರಿ? ಸರದ ನಿಂದರೂದು ಇಲ್ಲೆ ಎಲ್ಲಾರಿಗೂ ಗೊತ್ತೈತೆಲ್ರಿ."

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಣೆಯ ಮೇಲೆ ಬೆವರಿತ್ತು. ಆ ಬೆವರನ್ನು ಕಂಡು ನನಗೆ ಜಯವೆನಿಸಲಿಲ್ಲ. ನಕುರುವಿನಲ್ಲಿ ನನ್ನ ಹಣೆಯೂ ಹಾಗೆಯೇ ಒದ್ದೆ ಇತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಯಾರ ಮುಖವನ್ನೂ ನೋಡದೆ ಹೇಳಿದರು: "ಮಲ್ಲಪ್ಪಾ, ಆ ಸ್ವಿಚ್ಚ ಬಿಚ್ಚು."

"ಮೊದಲ ಮೇನ್ ತಗೀತೇನ್ರಿ" ಎಂದು ಮಲ್ಲಪ್ಪಣ್ಣ ಗೋಡೆಯ ಕಡೆ ನಡೆದರು.

"ಗೋಕಾಕದ್ದು, ಮೂಡಲಗೀದು?" ಎಂದೆ.

"ಅವೂ ಬಿಚ್ಚೂದು."

"ಹುಕ್ಕೇರೀದು?"

ಕಾಕಾ ಮಾತಾಡಿದಾಗ ಅದು ಮಾಲೀಕರ ಧ್ವನಿಯಾಗಿರಲಿಲ್ಲ.

"ಅಲ್ಲಿ ಹೋಗಿ ಏನಂತ ಹೇಳ್ಬೇಕು, ವಿದ್ಯಾ?"

ಗೋಡೆಯ ಹತ್ತಿರ ಮಲ್ಲಪ್ಪಣ್ಣ ಮೇನಿನ ಹಿಡಿಯ ಮೇಲೆ ಕೈಯಿಟ್ಟು, ಬೆನ್ನು ತಿರುಗಿಸಿಕೊಂಡೇ ನಿಂತಿದ್ದರು.

"ನಮ್ಮ ಅಳಿಯಾ ನಿದ್ದಿಗಣ್ಣಾಗ ಇರಲಿಲ್ಲಂತ ಹೇಳ್ರಿ, ಕಾಕಾರ" ಎಂದರು.